ನೇಯದ ಸೀರೆಯ ಕಳ್ಳಿ

ಒಂದೂರಂತೆ, ಊರ ತುಂಬ ಮಗ್ಗವಂತೆ. ಹಗಲೆಲ್ಲ ಲಟಕ್ ಪಟಕ್ ಸದ್ದು. ಅಮಾವಾಸ್ಯೆ ಬಂದರೆ ಮಾತ್ರ ಊರಿಗೆ ಊರೇ ಲಾಳಿ ಕೆಳಗಿಟ್ಟು ಕಾಲು ಚಾಚುತ್ತಿತ್ತಂತೆ.

ಆ ಊರಲ್ಲಿ ನಿಂಬೆವ್ವ ಅಂತ ಒಬ್ಬಳು ನೇಕಾರಗಿತ್ತಿ. ಮಹಾ ಅನುಮಾನದ ಹೆಂಗಸು. ಬೆಕ್ಕು ಕಣ್ಣು ಮುಚ್ಚಿದರೂ ಏನೋ ಹಂಚಿಕೆ ಹಾಕುತ್ತಿದೆ ಅನ್ನುವವಳು. ಅಮಾವಾಸ್ಯೆಯಲ್ಲೂ ಬಾಗಿಲು ಹಾಕಿಕೊಂಡು ನೇಯಬೇಕೆಂಬುದು ಅವಳ ಆಸೆ. ಆದರೆ ಅವತ್ತೇ ಒಬ್ಬ ಮುದುಕಿ ಬಂದು ಅವಳ ಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದಳು. ಬೇಡುವವಳಲ್ಲ, ಮಾರುವವಳಲ್ಲ, ಎಲೆಅಡಿಕೆ ಮೆಲ್ಲುತ್ತ ಸುಮ್ಮನೆ ಕೂರುವವಳು. ಸುಮ್ಮನೆ ಯಾರಾದರೂ ಕೂರುತ್ತಾರೆಯೇ? ಒಂದು ಅಮಾವಾಸ್ಯೆ ನಿಂಬೆವ್ವ ಕಿಟಕಿ ಸಂದಿಯಿಂದ ಕಣ್ಣಿಟ್ಟಳಂತೆ. ನೋಡುತ್ತ ನೋಡುತ್ತ ಅವಳಿಗೇ ಜೋಂಪು ಹತ್ತಿತಂತೆ. ಎದ್ದು ನೋಡಿದರೆ ಹೊತ್ತು ಇಳಿದಿದೆ, ಗಂಡ ಈರಭದ್ರ ಗೊರಕೆ ಹೊಡೆಯುತ್ತಿದ್ದಾನೆ, ತೊಟ್ಟಿಲಲ್ಲಿ ಕೂಸೂ ಮಲಗಿದೆ.

ಗಂಡನನ್ನು ತಿವಿದು ಎಬ್ಬಿಸಿ, “ಇಷ್ಟೊತ್ತಿಗೆ ಮೊಳ ಸೀರಿ ಆಗ್ತಿತ್ತು. ಆ ಮುದುಕಿ ಮಾಟ ಮಾಡಿ ಕದ್ದಾಳ,” ಅಂದಳು.

“ನೇಯದ ಸೀರೀನ ಹ್ಯಾಂಗ ಕದೀತಾಳ?” ಅಂದ ಈರಭದ್ರ. ಅವನ ಮೇಲೂ ಅನುಮಾನ ಬಂತು ಅವಳಿಗೆ.

ಮುಂದಿನ ಅಮಾವಾಸ್ಯೆಗೆ ಮುದುಕಿ ಬರುತ್ತಲೇ ನಿಂಬೆವ್ವ ಕಟ್ಟೆಗೆ ಕೊಡ ನೀರು ಸುರಿದಳು. “ಎದ್ದು ನಡಿ. ಮತ್ತ ಈ ಕಡೆ ಸುಳೀಬ್ಯಾಡ.”

“ಆತವಾ,” ಅಂದು ಮುದುಕಿ ಹೋದಳಂತೆ. ಊರೆಲ್ಲ ಸುಮ್ಮನಿದ್ದಾಗ ಆ ಒಂದು ಮನೆಯಲ್ಲಿ ಮಗ್ಗ ನಡೆಯಿತು.

ಅಂದಿನಿಂದ ಆ ಮನೆಯಲ್ಲಿ ಯಾರಿಗೂ ರೆಪ್ಪೆಗೆ ರೆಪ್ಪೆ ಕೂಡಲಿಲ್ಲ. ಮೊದಮೊದಲು ನಿಂಬೆವ್ವನಿಗೆ ಹಿಗ್ಗೋ ಹಿಗ್ಗು, ಸೀರೆಯ ಮೇಲೆ ಸೀರೆ. ಆಮೇಲೆ ಎಳೆ ತಪ್ಪಿತು, ಅಂಚು ಸೊಟ್ಟಾಯಿತು, ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು. ಅದೆಲ್ಲ ಹೋಗಲಿ, ಕೂಸು ಮಲಗಲಿಲ್ಲ. ಅತ್ತು ಅತ್ತು ದನಿ ಬಿದ್ದುಹೋಯಿತು, ಹಾಲು ಕುಡಿಯುವುದನ್ನೂ ಬಿಟ್ಟಿತು. ಹೆತ್ತ ಕರುಳು ತಡೆಯುವುದುಂಟೇ? ಕೂಸನ್ನು ಎತ್ತಿಕೊಂಡು ಮುದುಕಿಯನ್ನು ಹುಡುಕಿ ಹೊರಟಳಂತೆ.

ಊರಾಚೆ ಬೇವಿನ ನೆರಳಲ್ಲಿ ಮುದುಕಿ ಕೂತಿದ್ದಳು.

“ಆಯಿ, ನನ್ನ ಮನಿಯಿಂದ ಏನ ಕದ್ದಿ, ಹೇಳಿಬಿಡು. ಕೂಸು ಉಳಿಯಂಗಿಲ್ಲ.”

“ಏನೂ ಕದ್ದಿಲ್ಲವಾ. ನಾ ನಿದ್ದವ್ವ. ಕೆಲಸ ನಿಲ್ಲಿಸಿದ ದಿನ ಬಂದು ಕೂತು, ತಿಂಗಳಿಗೆ ಸಾಲೋವಷ್ಟು ನಿದ್ದಿ ಇಟ್ಟು ಹೋಗ್ತಿದ್ದೆ. ನೀನ ಹೊರಗ ಹಾಕಿದಿ.”

ನಿಂಬೆವ್ವ ಕಾಲು ಹಿಡಿದಳು. ಕರೆತಂದು, ಕಟ್ಟೆ ಒರೆಸಿ, ಕಂಬಳಿ ಹಾಸಿ ಕೂರಿಸಿದಳು. ಒಳಗೆ ಮಗ್ಗ ನಿಂತಿತು. ಕೂಸು ಒಮ್ಮೆ ಆಕಳಿಸಿ ಕಣ್ಣು ಮುಚ್ಚಿತಂತೆ.

ಈರಭದ್ರ ಹೊರಗೆ ಬಂದು ನೋಡಿದರೆ ಹೆಂಡತಿಯೂ ಕಟ್ಟೆಯ ಮೇಲೆ ಗಾಢ ನಿದ್ದೆಯಲ್ಲಿದ್ದಾಳೆ. ಮುದುಕಿ ಮತ್ತೆಲ್ಲಿ ಎದ್ದು ಹೋದಾಳೋ ಅನ್ನುವ ಅನುಮಾನಕ್ಕೆ, ಆಕೆಯ ಸೆರಗನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದೇ ಮಲಗಿದ್ದಳಂತೆ.

ಅವರು ಅಲ್ಲಿ ಮಲಗಿದರು, ನನ್ನ ಕತೆ ಇಲ್ಲಿ ಮಲಗಿತು.