ತಳವಾರ ಕಟ್ಟಿಸಿದ ಹಾಡು

"ಉಸ್ತಾದರೇ, ಮಾಡಿದ ಒಳ್ಳೆ ಕೆಲಸಾನ ನಾಲ್ಕು ಜನಕ್ಕೆ ತೋರಿಸಿದರೆ ತಪ್ಪೇನ್ರಿ?"

ಕೇಳಿದವನು ಹಾಲೇಶ. ಹಿಂದೆ ಇದೇ ಗರಡಿಯಲ್ಲಿ ಮೈಗೆ ಮಣ್ಣು ಮೆತ್ತಿಕೊಂಡು ಕುಸ್ತಿಯ ಪಟ್ಟು ಕಲಿತವನು. ಈಗ ಪಕ್ಕದ ತಾಲ್ಲೂಕಿನ ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್. ಮನೆಗಳ್ಳರ ತಂಡವೊಂದನ್ನು ಹಿಡಿದಿದ್ದ. ಅದರ ವಿಡಿಯೊ ಮಾಡಿಸಿ, ಸಂಗೀತ ಸೇರಿಸಿ, ಫೋನಿನಲ್ಲಿ ಸಿದ್ಧವಾಗಿ ಇಟ್ಟುಕೊಂಡಿದ್ದ. ಜಾಲತಾಣಕ್ಕೆ ಹಾಕುವುದೊಂದೇ ಬಾಕಿ. ಸಮವಸ್ತ್ರ ತೊಟ್ಟು ಇಂಥದ್ದೆಲ್ಲ ಮಾಡಬೇಡಿ ಎಂದು ಮೇಲಿನವರು ಸುತ್ತೋಲೆ ಕಳಿಸಿದ್ದರು. ಆದರೆ ಮನಸ್ಸು ಕೇಳಬೇಕಲ್ಲ.

ಉಸ್ತಾದ್ ದುಗ್ಗಪ್ಪನವರು ವಿಡಿಯೊ ನೋಡಿದರು. "ಈ ಹೆಂಗಸು ಯಾರಪ್ಪ?" ಎಂದರು.

"ಸುಳಿವು ಕೊಟ್ಟೋರು. ಹೆಸರು ಹೇಳಿಲ್ಲ, ಮುಖಾನೂ ಮಸುಕು ಮಾಡೀನಿ. ಅಷ್ಟು ದಡ್ಡ ಅಲ್ಲ ಬಿಡ್ರಿ ನಾನು."

ಮುಖ ಮಸುಕಾಗಿತ್ತು, ನಿಜ. ಆದರೆ ಅವಳ ಹೂವಿನಂಗಡಿ, ಅದರ ಪಕ್ಕದ ಅರಳಿಕಟ್ಟೆ ಸ್ಪಷ್ಟವಾಗಿ ಕಾಣುತ್ತಿದ್ದವು. ಉಸ್ತಾದರು ಅದನ್ನು ಹೇಳಲಿಲ್ಲ. ಫೋನನ್ನು ಶಿಷ್ಯನ ಕೈಗೆ ಕೊಟ್ಟು, ಕೂತುಕೋ ಎಂದು ಸನ್ನೆ ಮಾಡಿ, ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ತಳವಾರ ಇದ್ದ. ಊರು ಕಾಯುವುದು, ಕಳ್ಳರನ್ನು ಹಿಡಿಯುವುದು ಅವನ ಕೆಲಸ. ಧೈರ್ಯಕ್ಕೆ ಕೊರತೆಯಿರಲಿಲ್ಲ. ಕೈಯೂ ಶುದ್ಧ. ಹೊಗಳಿಕೆ ಎಂದರೆ ಮಾತ್ರ ಬೆಲ್ಲ ಕಂಡ ಇರುವೆಯಂತೆ ಆಡುತ್ತಿದ್ದ.

ಆ ಸೀಮೆಯ ಘಾಟಿಯಲ್ಲಿ ದರೋಡೆಕೋರರ ಗುಂಪೊಂದು ಸೇರಿಕೊಂಡಿತ್ತು. ವರ್ತಕರು ತುಂಬಿದ ಗಾಡಿ ಹೊಡೆದುಕೊಂಡು ಹೋದರೆ ಖಾಲಿ ಗಾಡಿ ಆಚೆ ಬರುತ್ತಿತ್ತು. ತಳವಾರ ಹುಡುಕಿ ಹುಡುಕಿ ಸೋತ. ಹೀಗಿರುವಾಗ ಕೆರೆಯಾಚೆ ಗಾಣ ನಡೆಸುವ ವಿಧವೆಯೊಬ್ಬಳು ಅವನನ್ನು ಕಾಣಲು ಬಂದಳು. ಗುರುತಿಲ್ಲದ ಗಂಡಸೊಬ್ಬ ಪಂಜಿಗೆಂದು ಕೊಡಗಟ್ಟಲೆ ಎಣ್ಣೆ ಒಯ್ಯುತ್ತಾನೆ, ಹಳೇ ಕೋಟೆಯ ದಾರಿ ಹಿಡಿಯುತ್ತಾನೆ ಎಂದಳು. ಹೊರಡುವಾಗ ಒಂದೇ ಮಾತು ಕೇಳಿಕೊಂಡಳು.

"ನಾನು ಹೇಳಿದೆ ಅಂತ ಗಾಳಿಗೂ ಗೊತ್ತಾಗಬಾರದು ಸ್ವಾಮಿ. ನನಗೆ ಹಿಂದೆ ಮುಂದೆ ಯಾರೂ ಇಲ್ಲ."

ತಳವಾರ ದೀಪ ಮುಟ್ಟಿ ಮಾತು ಕೊಟ್ಟ.

ಹಳೇ ಕೋಟೆಯಲ್ಲಿ ಗುಂಪು ಸಿಕ್ಕಿಬಿತ್ತು. ಅವರ ನಾಯಕನ ತಮ್ಮ ಮಾತ್ರ ಒಬ್ಬ ಜೊತೆಗಾರನೊಂದಿಗೆ ತಪ್ಪಿಸಿಕೊಂಡು ಘಾಟಿಯ ಆಚೆಗೆ ಓಡಿದ. ನಮ್ಮನ್ನು ಹಿಡಿದುಕೊಟ್ಟವರು ಯಾರೆಂದು ತಿಳಿಯಲಿ, ಮನೆ ಸಮೇತ ಸುಟ್ಟುಹಾಕುತ್ತೇನೆ ಎಂದು ಕೂಗುತ್ತಲೇ ಓಡಿದ. ತಳವಾರ ಅದನ್ನು ಕಿವಿಯಾರೆ ಕೇಳಿದ್ದ.

ದೊರೆ ಸನ್ಮಾನ ಮಾಡಿದ. ಊರವರು ಹೆಗಲ ಮೇಲೆ ಹೊತ್ತು ಮೆರೆಸಿದರು. ಆಮೇಲೆ ಮದುವೆಗಳು ಬಂದವು, ಬಿತ್ತನೆ ಬಂತು, ಜನ ತಮ್ಮ ತಮ್ಮ ಪಾಡಿಗೆ ಹೋದರು. ತಳವಾರ ಬೀದಿಯಲ್ಲಿ ಬಂದರೆ ಬರೀ ಒಂದು ನಮಸ್ಕಾರ, ಅದೂ ಹೆಗಲ ಮೇಲಿನ ನೇಗಿಲು ಇಳಿಸದೆ. ಅವನಿಗೆ ಅನ್ನ ಸೇರದಾಯಿತು. ಜೀವದ ಹಂಗು ತೊರೆದು ಹೋರಾಡಿದ್ದು ಇಷ್ಟಕ್ಕೇನಾ ಎಂದು ಒಳಗೊಳಗೇ ಕುದಿದ.

ಆಗ ಊರಿಗೆ ಒಬ್ಬ ಹಾಡುಗಾರ ಬಂದ. ದಪ್ಪು ಬಡಿಯುತ್ತ, ಸಂತೆಯಿಂದ ಸಂತೆಗೆ ಹೋಗಿ, ವೀರರ ಕತೆ ಹಾಡಿ ಹೊಟ್ಟೆ ಹೊರೆಯುವವನು. ತಳವಾರ ಅವನನ್ನು ಮನೆಗೆ ಕರೆದು ಊಟಕ್ಕಿಟ್ಟ. ತನ್ನ ಮೇಲೊಂದು ಹಾಡು ಕಟ್ಟು ಎಂದ. ಕತ್ತಿ ಹಿರಿದದ್ದು, ಗೋಡೆ ಹಾರಿದ್ದು, ಎಲ್ಲವನ್ನೂ ಹೇಳಿದ. ಹಾರಿದ ಗೋಡೆ ಹೇಳುತ್ತ ಹೇಳುತ್ತ ಸ್ವಲ್ಪ ಎತ್ತರವೂ ಆಯಿತು.

ಹಾಡುಗಾರ ಕೇಳಿದ: "ಅವರು ಕೋಟೆಯಲ್ಲಿದ್ದಾರೆ ಅಂತ ನಿಮಗೆ ತಿಳಿದದ್ದು ಹೇಗೆ ಧಣಿ? ಅದು ಬರದಿದ್ದರೆ ಹಾಡು ಕುಂಟುತ್ತೆ."

ತಳವಾರ ತಡೆದ. ಕೊಟ್ಟ ಮಾತು ನೆನಪಿಗೆ ಬಂತು. ಆದರೆ ತನ್ನ ಹಾಡು ಕುಂಟುವುದು ಅವನಿಗೆ ಬೇಕಿರಲಿಲ್ಲ. "ಕೆರೆಯಾಚೆಯ ಗಾಣದವಳು ಹೇಳಿದಳು ಅಂತ ಹಾಕು" ಎಂದ. ಹೆಸರು ಹೇಳಲಿಲ್ಲ. ಮಾತು ಉಳಿಸಿಕೊಂಡೆ ಎಂದೇ ತಿಳಿದ, ಪುಣ್ಯಾತ್ಮ.

ಸಂತೆಯ ದಿನ ಹಾಡುಗಾರ ದಪ್ಪು ಬಡಿದ. ಜನ ಕೊಳ್ಳುವುದನ್ನೂ ಮಾರುವುದನ್ನೂ ಬಿಟ್ಟು ಮುತ್ತಿಕೊಂಡರು. ತಳವಾರ ಏನೂ ಗೊತ್ತಿಲ್ಲದವನಂತೆ ಗುಂಪಿನ ಹಿಂದೆ ನಿಂತ. ತನ್ನ ಹೆಸರು ಬಂದಾಗಲೆಲ್ಲ ಜನ ಶಿಳ್ಳೆ ಹಾಕಿದರು. ಅವನ ಎದೆ ಉಬ್ಬಿತು. ಗಾಣದವಳ ಸಾಲು ಬಂದಾಗ ಒಬ್ಬ ಹೆಂಗಸು ಎಣ್ಣೆಯ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಗುಂಪಿನಿಂದ ಹೊರಬಂದಳು. ಕೊಡ ಅರ್ಧವೂ ಖಾಲಿಯಾಗಿರಲಿಲ್ಲ. ತಳವಾರನಿಗೆ ಅವಳ ಮುಖ ಕಂಡಿತು. ಉಬ್ಬಿದ ಎದೆ ಅಲ್ಲೇ ಇಳಿಯಿತು.

ಅವಳ ಹಿಂದೆ ಓಡಿದ. "ನಿನ್ನ ಹೆಸರು ನಾನು ಹೇಳಲಿಲ್ಲ ತಾಯಿ!"

"ಈ ಸೀಮೆಗೆ ಕೆರೆಯಾಚೆ ಇರೋದು ಒಂದೇ ಗಾಣ ಸ್ವಾಮಿ" ಎಂದಳು ಅವಳು. "ಅದನ್ನ ನಾನು ಹೊತ್ತುಕೊಂಡು ಹೋಗೋಕಾಗುತ್ತಾ?"

ತಳವಾರ ತಿರುಗಿ ಬಂದು ನೋಡಿದರೆ ಹಾಡುಗಾರ ಇಲ್ಲ. ಘಾಟಿಯ ಕಡೆ ಹೋದನಂತೆ. ನಾಯಕನ ತಮ್ಮ ಓಡಿಹೋಗಿದ್ದೂ ಅದೇ ಕಡೆಗೆ. ತಳವಾರ ತಡಮಾಡಲಿಲ್ಲ. ಕಾವಲಿಗೆಂದು ತನ್ನ ಇಬ್ಬರು ಆಳುಗಳನ್ನು ಗಾಣದ ಮನೆಗೆ ಕಳಿಸಿದ. ಅವಳು ಕೈಮುಗಿದು ಅವರನ್ನು ವಾಪಸು ಕಳಿಸಿಬಿಟ್ಟಳು. ಬಾಗಿಲಲ್ಲಿ ಕತ್ತಿ ಹಿಡಿದವರು ನಿಂತರೆ, ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ ಎಂದಳು. ಅದೂ ಸರಿಯೇ. ಅಂದಿನಿಂದ ಅವಳು ಮನೆಗೆ ಬೀಗ ಹಾಕಿ ಯಾರದೋ ದನದ ಕೊಟ್ಟಿಗೆಯಲ್ಲಿ ಮಲಗತೊಡಗಿದಳು.

ತಳವಾರನಿಗೆ ಉಳಿದ ದಾರಿ ಒಂದೇ. ಹಾಡು ಹೋದ ಕಡೆಗೆ ತಾನೂ ಹೋಗಿ ಅದನ್ನು ಹಿಡಿಯಬೇಕು. ಎಂಥೆಂಥ ಕಳ್ಳರನ್ನು ಹಿಡಿದವನು, ಒಂದು ಹಾಡನ್ನು ಹಿಡಿಯಲು ಕುದುರೆ ಹತ್ತಿದ.

ಘಾಟಿ ಇಳಿದ ಮೇಲೆ ಸಿಕ್ಕಿದ ಮೊದಲ ಊರಿನಲ್ಲಿ ಹಾಡುಗಾರ ಹಾಡಿ ಹೋಗಿಯಾಗಿತ್ತು. ಬಾವಿಕಟ್ಟೆಯ ಮೇಲೆ ನೀರಿಗೆ ಬಂದ ಹೆಂಗಸರು ಅದನ್ನೇ ಗುನುಗುತ್ತಿದ್ದರು. ತಳವಾರ ಕುದುರೆ ನಿಲ್ಲಿಸಿ ಕಿವಿಗೊಟ್ಟ. ಅದೇ ಧಾಟಿ, ಅದೇ ಕತ್ತಿ, ಅದೇ ಎತ್ತರದ ಗೋಡೆ. ಆದರೆ ಗೋಡೆ ಹಾರಿದವನು ಆ ಊರಿನ ತಳವಾರ! ಇವನಿಗೆ ಸಿಟ್ಟು ನೆತ್ತಿಗೇರಿತು. ಅವನೆಲ್ಲಿದ್ದ, ಗೋಡೆ ಹಾರಿದವನು ನಾನಲ್ಲವೇ ಎಂದು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲು ಬಂತು. ಕಳ್ಳರು ಅಡಗಿದ ಜಾಗವನ್ನು ಆ ಊರಿನ ಗುಡಿಯ ಅಮ್ಮನೇ ತಳವಾರನ ಕನಸಿನಲ್ಲಿ ಬಂದು ಹೇಳಿದಳಂತೆ. ಕೆರೆ ಇಲ್ಲ. ಗಾಣ ಇಲ್ಲ. ಗಾಣದವಳೂ ಇಲ್ಲ.

ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು. "ಇನ್ನೊಂದು ಸಲ ಹಾಡ್ರಮ್ಮ" ಎಂದ. ಅವರು ನಗುತ್ತ ಹಾಡಿದರು. ಎರಡನೇ ಸಲವೂ ಅಮ್ಮನೇ ಬಂದಳು. ಅವನು ಕುದುರೆಯ ಕುತ್ತಿಗೆ ತಬ್ಬಿಕೊಂಡ.

ಆದರೂ ಭಯ ಪೂರ್ತಿ ಹೋಗಲಿಲ್ಲ. ಮುಂದಿನ ಊರಿಗೆ ಹೋದ. ಅಲ್ಲಿಯ ತಳವಾರ ಹಗಲೆಲ್ಲ ನಿದ್ದೆ ಮಾಡುವ ಮುದುಕ. ಹಾಡಿನಲ್ಲಿ ಅವನೂ ಗೋಡೆ ಹಾರಿದ್ದ. ಸುಳಿವು ಕೊಟ್ಟವಳು ಆ ಊರಿನ ಅಮ್ಮ. ಛತ್ರದವನು ಇನ್ನೂ ಒಂದು ಸುದ್ದಿ ಹೇಳಿದ. ಛತ್ರದಲ್ಲಿ ಇಬ್ಬರು ಪರಸ್ಥಳದವರು ಇಳಿದುಕೊಂಡಿದ್ದರಂತೆ. ಹಾಡು ಕೇಳಿದರಂತೆ. ಈ ಊರಿನ ಅಮ್ಮ ಕಳ್ಳರ ಗುಟ್ಟನ್ನು ಕನಸಿನಲ್ಲಿ ಬಂದು ಹೇಳುವವಳು ಎಂದು ತಿಳಿದದ್ದೇ ತಡ, ಮುಖ ಬಿಳುಚಿಕೊಂಡು, ಗುಡಿಯಲ್ಲಿ ಕಾಯಿ ಒಡೆದು, ಊಟವನ್ನೂ ಮಾಡದೆ ಹೊರಟರಂತೆ. ಅವಸರದಲ್ಲಿ ಹೊಳೆಯ ದೋಣಿ ಹತ್ತುವಾಗ ಗಂಟು ಬಿಚ್ಚಿ ಕದ್ದ ಒಡವೆ ಚೆಲ್ಲಿತು. ಸುಂಕದವರು ಇಬ್ಬರನ್ನೂ ಹಿಡಿದು ದೊರೆಗೆ ಒಪ್ಪಿಸಿದ್ದರು. ನಾಯಕನ ತಮ್ಮ ಹೇಗಿದ್ದನೋ, ಛತ್ರದವನು ಹೇಳಿದ ಒಬ್ಬನ ಚಹರೆ ಹಾಗೆಯೇ ಇತ್ತು.

ತಳವಾರ ಛತ್ರದ ಜಗಲಿಯ ಮೇಲೆ ಕುಸಿದು ಕೂತ. ಒಂದು ತಂಬಿಗೆ ನೀರನ್ನು ಗಟಗಟ ಕುಡಿದ. ಇನ್ನೊಂದು ತಂಬಿಗೆ ಕೇಳಿ ಅದನ್ನೂ ಕುಡಿದ. ಹೋದ ಜೀವ ಬಂದಂತಾಯಿತು.

ಹಾಡುಗಾರ ಅದೇ ಊರಿನ ಸಂತೆಯ ಮಾಳದಲ್ಲಿ ಸಿಕ್ಕಿದ. ತಳವಾರನನ್ನು ಕಂಡವನೇ ದಪ್ಪು ಕೆಳಗಿಟ್ಟು ಕಾಲಿಗೆ ಬಿದ್ದ. "ತಪ್ಪಾಯ್ತು ಧಣಿ, ಹೊಡೀಬೇಡಿ. ಪಕ್ಕದೂರಿನ ತಳವಾರನ ಹಾಡು ಅಂದರೆ ಯಾರೂ ಕಾಳು ಹಾಕಲ್ಲ. ಅವರವರ ಊರು, ಅವರವರ ಅಮ್ಮನ ಹೆಸರು ಬಂದರೆ ಒಂದು ಬೊಗಸೆ ಜಾಸ್ತಿ ಹಾಕ್ತಾರೆ. ಹೊಟ್ಟೆಪಾಡು ಧಣಿ, ನಿಮ್ಮ ಹೆಸರು ತೆಗೆದುಬಿಟ್ಟೆ."

ತಳವಾರ ಅವನನ್ನು ಎತ್ತಿ ಅಪ್ಪಿಕೊಂಡ. ಅವನ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. "ನನ್ನ ಹೆಸರು ಎಲ್ಲೂ ಹಾಕಬೇಡ ಕಣಪ್ಪ. ನಮ್ಮೂರಿಗೆ ಬಂದರೂ ಹಾಕಬೇಡ" ಎಂದ. ಹಾಡುಗಾರನಿಗೆ ಏನೂ ಅರ್ಥವಾಗಲಿಲ್ಲ. ಹೊಡೆತ ತಪ್ಪಿತಲ್ಲ ಎಂದು ಅವನೂ ನಿಟ್ಟುಸಿರು ಬಿಟ್ಟ.

ಊರಿಗೆ ಮರಳಿದವನು ಮೊದಲು ಮನೆಗೆ ಹೋಗಲಿಲ್ಲ. ಕೆರೆ ದಾಟಿ ಗಾಣದ ಹತ್ತಿರ ಹೋದ. ನಡೆದದ್ದನ್ನೆಲ್ಲ ಹೇಳಿ, ತಲೆತಗ್ಗಿಸಿ ನಿಂತ. ಅವಳು ಎತ್ತನ್ನು ನಿಲ್ಲಿಸಿದಳು. ಅಷ್ಟು ದಿನ ಅಳದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಹಾಗಾದರೆ ಇವತ್ತಿನಿಂದ ನನ್ನ ಮನೆಯಲ್ಲೇ ಮಲಗ್ತೀನಿ" ಎಂದಳು.

ಉಸ್ತಾದರು ಕತೆ ನಿಲ್ಲಿಸಿದರು. ಹಾಲೇಶ ಅಲ್ಲಿಯ ತನಕ ಉಸಿರು ಬಿಗಿಹಿಡಿದು ಕೂತಿದ್ದ. ಈಗ ಕಾಲು ಚಾಚಿ ನಕ್ಕ.

"ಅಬ್ಬಾ! ಆಯಮ್ಮ ಬದುಕಿದಳಲ್ಲ, ಸಾಕು. ಹಾಡುಗಾರ ದೊಡ್ಡ ಪುಣ್ಯ ಕಟ್ಟಿಕೊಂಡ ನೋಡ್ರಿ."

ಉಸ್ತಾದರೂ ನಕ್ಕರು.

"ಹೌದಪ್ಪ. ಅವನು ಊರು ಬದಲಾದ ಹಾಗೆ ಹಾಡು ಬದಲಿಸಿದ; ನಿನ್ನ ಕೈಯಲ್ಲಿರೋದು ಯಾವ ಊರಿಗೆ ಹೋದರೂ ಅದೇ ಅಂಗಡಿ ತೋರಿಸುತ್ತೆ."

ಹಾಲೇಶ ಫೋನು ತೆರೆದು, ಹೂವಿನಂಗಡಿ ಕಾಣುವ ಕಡೆ ವಿಡಿಯೊ ನಿಲ್ಲಿಸಿ ನೋಡಿದ.