ದಡದ ಮೇಲಿನ ಮೇಷ್ಟ್ರು

"ಗುರುಗಳೇ, ಮಕ್ಕಳ ಬಾಯಿ ಬಿಡಿಸುವಂಥ ಇನ್ನೊಂದು ಆಟ ಇದ್ದರೆ ಹೇಳಿಕೊಡಿ. ನಾಳೆಗೇ ಬೇಕು."

ಹೀಗೆ ಕೇಳಿದವಳು ನಳಿನಾಕ್ಷಿ. ಸರ್ಕಾರಿ ಶಾಲೆಯೊಂದರಲ್ಲಿ ಏಳನೇ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ಕೇಳಿದ್ದು ತಿಪ್ಪೇಸ್ವಾಮಿಯವರನ್ನು. ಹದಿನೈದು ವರ್ಷದ ಹಿಂದೆ ಅವಳಿಗೆ ಪಾಠ ಮಾಡುವ ಬಗೆಯನ್ನು ಹೇಳಿಕೊಟ್ಟವರು ಅವರೇ. ಈಗ ನಿವೃತ್ತರಾಗಿ ಮನೆಯಲ್ಲಿದ್ದರು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕುಳಿತಿದ್ದ ಗುರುಗಳು ಅವಳ ಮುಖ ನೋಡಿ, ಮೊದಲು ನೀರು ಕುಡಿ ಎಂದರು. ಅವಳು ಕುಡಿಯಲಿಲ್ಲ.

ಮಾರನೆಯ ದಿನ ಅವಳ ತರಗತಿಯಲ್ಲಿ ಇಲಾಖೆಯ ಅಧಿಕಾರಿಯೊಬ್ಬರು ಬಂದು ಕೂರುವವರಿದ್ದರು. ಮಕ್ಕಳು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡದಿದ್ದರೆ ಆ ಪಾಠವನ್ನು ಅವಳಿಂದ ತೆಗೆದು ಬೇರೆಯವರಿಗೆ ವಹಿಸುವುದಾಗಿ ಮುಖ್ಯೋಪಾಧ್ಯಾಯರು ಹೇಳಿಬಿಟ್ಟಿದ್ದರು. ಅಂದಿನಿಂದ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

"ನಾನು ಆಡಿಸದ ಆಟವಿಲ್ಲ ಗುರುಗಳೇ," ಎಂದಳು. "ಸಂತೆ ಆಟ ಆಡಿಸಿದೆ, ಒಬ್ಬಳು ಮಾರುವವಳು, ಒಬ್ಬ ಕೊಳ್ಳುವವನು. ಚಿತ್ರದ ಚೀಟಿ ಮಾಡಿ ಜೋಡಿ ಹುಡುಕಿಸಿದೆ. ಮೊಬೈಲಿನಲ್ಲಿ ಹಾಡು ಹಾಕಿ ಕುಣಿಸಿದೆ, ಕತೆ ಕೇಳಿಸಿದೆ. ಕಣ್ಣು ಕಟ್ಟಿಕೊಂಡವನಿಗೆ ದಾರಿ ಹೇಳುವ ಆಟವನ್ನೂ ಆಡಿಸಿದೆ, ತಪ್ಪು ಹೇಳಿದವರು ಔಟು. ಮಕ್ಕಳು ಆಟಕ್ಕೆ ಜೀವ ಬಿಡುತ್ತಾರೆ. ಆದರೆ ಹೊಸಬರು ಯಾರಾದರೂ ಬಂದು ನಿನ್ನ ಹೆಸರೇನು ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಸಾಕು, ಎಲ್ಲರೂ ನನ್ನ ಮುಖ ನೋಡುತ್ತಾರೆ. ನಲವತ್ತು ಜೊತೆ ಕಣ್ಣು."

ಗುರುಗಳು ಆಟ ಹೇಳುತ್ತಾರೆಂದು ಅವಳು ಚೀಲದಿಂದ ಪುಸ್ತಕ ತೆಗೆದು ಪೆನ್ನು ಹಿಡಿದಳು. ಅದನ್ನು ಕಂಡು ಅವರಿಗೆ ನಗು ಬಂತು.

"ಬರೆದುಕೊಳ್ಳಬೇಡ, ಕೇಳು. ನಾನು ಸಮುದ್ರ ನೋಡಿದ್ದು ಎರಡೇ ಸಲ. ಆದರೂ ಕತೆ ಸಮುದ್ರದ್ದು," ಎಂದು ಶುರುಮಾಡಿದರು.

ನದಿ ಸಮುದ್ರ ಸೇರುವಲ್ಲಿ ಒಂದು ಊರು. ಹಾಗೆ ಸೇರುವ ಬಾಯಿಗೆ ಅಳಿವೆ ಎನ್ನುತ್ತಾರೆ. ಅಳಿವೆಯ ಅಡಿಯ ಮರಳು ಒಂದೇ ಕಡೆ ನಿಲ್ಲುವುದಿಲ್ಲ, ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ. ಹೋದ ವರ್ಷ ಆಳವಿದ್ದಲ್ಲಿ ಈ ವರ್ಷ ಸೊಂಟದುದ್ದ ನೀರು. ದೂರದೇಶದ ಹಡಗಿನವರಿಗೆ ಇದು ಗೊತ್ತಾಗುವುದಿಲ್ಲ. ಅದಕ್ಕೆ ಊರಿನ ದೋಣಿಯೊಂದು ಹಡಗಿನ ಮುಂದೆ ಹೋಗಬೇಕು. ಉದ್ದನೆಯ ಬಿದಿರ ಕೋಲನ್ನು ನೀರಿಗಿಳಿಸಿ ಆಳ ನೋಡಬೇಕು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ನಿಲ್ಲಿ ಎಂದು ಹಿಂದೆ ಬರುವ ಹಡಗಿಗೆ ಅವರದೇ ಭಾಷೆಯಲ್ಲಿ ಕೂಗಿ ಹೇಳಬೇಕು. ಇದು ಆ ಊರಿನ ಕಸುಬು.

ನಲವತ್ತು ವರ್ಷ ಈ ಕೆಲಸ ಮಾಡಿದವನು ಒಬ್ಬ ಅಂಬಿಗ. ಅವನಿಗೆ ಬರುತ್ತಿದ್ದುದು ಆ ಭಾಷೆಯ ಹತ್ತು ಹನ್ನೆರಡು ಮಾತು. ಅವೂ ನೆಟ್ಟಗಿರಲಿಲ್ಲ. 'ಬಲ ಬೇಡ, ಮರಳು ಹಡಗು ತಿನ್ನು, ಎಡ ಬಾ' ಎನ್ನುವ ಧಾಟಿ. ಹಡಗಿನವರು ಕೇಳಿ ನಗುತ್ತಿದ್ದರು. ನಗುತ್ತಲೇ ಎಡಕ್ಕೆ ತಿರುಗುತ್ತಿದ್ದರು.

ಅವರು ತಿರುಗಿದ್ದು ಊರಿನ ಯಜಮಾನನಿಗೆ ಕಾಣಲಿಲ್ಲ, ನಕ್ಕದ್ದು ಮಾತ್ರ ಕಂಡಿತು. ಊರಿನ ಮಾನ ಹೋಗುತ್ತಿದೆ, ಮಕ್ಕಳಾದರೂ ಶುದ್ಧವಾಗಿ ಮಾತಾಡಲಿ ಎಂದು ಒಬ್ಬ ಮೇಷ್ಟ್ರನ್ನು ಕರೆಸಿದ. ಮೇಷ್ಟ್ರು ಆ ಭಾಷೆಯ ಪುಸ್ತಕಗಳನ್ನು ಅರೆದು ಕುಡಿದವರು. ಕಲಿಸುವ ಜಾಣತನವೂ ಇತ್ತು. ದಡದ ಮರಳಿನ ಮೇಲೆ ಅಳಿವೆಯ ಚಿತ್ರ ಬರೆದರು. ಒಂದು ಮಗುವಿಗೆ ಕಣ್ಣು ಕಟ್ಟಿ, ನೀನು ಹಡಗು ಎಂದರು. ಇನ್ನೊಂದು ಮಗು ಮುಂದೆ ನಡೆಯುತ್ತ ಆ ಭಾಷೆಯಲ್ಲಿ ದಾರಿ ಹೇಳಬೇಕು. ತಪ್ಪು ಮಾತಾಡಿದವರು ಹೊರಗೆ ಕೂರಬೇಕು. ಕೊನೆಯವರೆಗೆ ಉಳಿದವರಿಗೆ ಒಂದು ಉಂಡೆ ಬೆಲ್ಲ. ಮಕ್ಕಳು ಊಟ ತಿಂಡಿ ಬಿಟ್ಟು ದಡಕ್ಕೆ ಓಡತೊಡಗಿದರು. ಎಲ್ಲರಿಗಿಂತ ಹೆಚ್ಚು ಬೆಲ್ಲ ಗೆದ್ದವಳು ಅಂಬಿಗನ ಮೊಮ್ಮಗಳು.

ಮಳೆಗಾಲ ಕಳೆದು ಮೊದಲ ಹಡಗು ಬಂತು. ಈ ಸಲ ಕೂಗುವವಳು ಹುಡುಗಿ, ಮುದುಕ ಕೋಲು ಹಿಡಿದರೆ ಸಾಕು, ಬಾಯಿ ತೆರೆಯಕೂಡದು ಎಂದು ಯಜಮಾನ ಅಪ್ಪಣೆ ಮಾಡಿದ. ಅಜ್ಜ ಮೊಮ್ಮಗಳು ದೋಣಿ ಹತ್ತಿದರು. ಊರೆಲ್ಲ ದಡದಲ್ಲಿ ನಿಂತಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೋಲು ಬೇಗನೆ ತಳ ಮುಟ್ಟಿತು. ಅಜ್ಜ ಮೊಮ್ಮಗಳ ಕಡೆ ನೋಡಿದ. ಅವಳಿಗೆ ಮಾತು ಗೊತ್ತಿತ್ತು, ನೂರು ಸಲ ಆಡಿದ ಮಾತು. ಆದರೂ ಅವಳು ಹಡಗಿನ ಕಡೆ ನೋಡುವುದು ಬಿಟ್ಟು ದಡದಲ್ಲಿದ್ದ ಮೇಷ್ಟ್ರ ಕಡೆ ನೋಡಿದಳು. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಹಡಗಿನಲ್ಲಿ ಅರವತ್ತು ಜನರಿದ್ದರು. ಅದು ಬರುತ್ತಲೇ ಇತ್ತು. ಮುದುಕ ಕೋಲು ಬಿಸಾಡಿ ಎದ್ದು ನಿಂತು, ತನ್ನ ಹರಕುಮುರುಕು ಭಾಷೆಯಲ್ಲಿ ಗಂಟಲು ಹರಿಯುವ ಹಾಗೆ ಕೂಗಿದ. ಹಡಗು ತಿರುಗಿತು. ಅದರ ತಳ ಮರಳನ್ನು ಉಜ್ಜಿಕೊಂಡು ಹೋದ ಸದ್ದು ದಡದವರಿಗೂ ಕೇಳಿಸಿತು.

ನಳಿನಾಕ್ಷಿ ತಡೆಯಲಾರದೆ ನಡುವೆ ಬಾಯಿ ಹಾಕಿದಳು. "ಗೊತ್ತಾಯಿತು ಗುರುಗಳೇ. ತಪ್ಪಿದವರನ್ನು ಹೊರಗೆ ಕೂರಿಸಿದ್ದೇ ತಪ್ಪು. ತಪ್ಪಿದರೆ ಸೋಲು ಅಂದಮೇಲೆ ಮಕ್ಕಳು ಯಾಕೆ ಬಾಯಿ ತೆರೆಯುತ್ತಾರೆ? ನಾಳೆಯಿಂದ ನನ್ನ ಆಟದಲ್ಲಿ ಔಟು ಅನ್ನುವುದೇ ಇಲ್ಲ." ಅವಳ ಮುಖ ಅಷ್ಟು ದಿನದಲ್ಲಿ ಮೊದಲ ಸಲ ಸಡಿಲವಾಯಿತು.

"ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡ," ಎಂದರು ಗುರುಗಳು. "ಆ ಊರಿನವರಿಗೂ ಮೊದಲು ಹೊಳೆದದ್ದು ಅದೇ."

ಅಂದು ಊರಿನವರು ಮೇಷ್ಟ್ರ ಮೇಲೆ ಬಿದ್ದರು. ಮೇಷ್ಟ್ರು ತಲೆ ತಗ್ಗಿಸಿ ಆಟದ ನಿಯಮ ಬದಲಿಸಿದರು. ತಪ್ಪಿದರೂ ಯಾರೂ ಹೊರಗೆ ಕೂರುವಂತಿಲ್ಲ, ಬೆಲ್ಲ ಎಲ್ಲರಿಗೂ. ಆಟ ಇನ್ನೂ ರಂಗೇರಿತು. ಎಂಟು ದಿನ ಕಳೆದು ಎರಡನೆಯ ಹಡಗು ಬಂತು. ಕೋಲು ತಳ ಮುಟ್ಟಿತು. ಹುಡುಗಿ ಮತ್ತೆ ದಡದ ಕಡೆ ತಿರುಗಿದಳು. ಈ ಸಲ ಮುದುಕ ಅವಳಿಗಾಗಿ ಕಾಯಲಿಲ್ಲ. ತಾನೇ ಕೂಗಿ ಕೂಗಿ ಹಡಗನ್ನು ಒಳಗೆ ತಂದ. ತಂದು ಮುಟ್ಟಿಸುವ ಹೊತ್ತಿಗೆ ಅವನ ಗಂಟಲು ಒಡೆದುಹೋಗಿತ್ತು. ಮಾತಾಡಿದರೆ ಪಕ್ಕದಲ್ಲಿ ನಿಂತವನಿಗಷ್ಟೇ ಕೇಳಿಸುತ್ತಿತ್ತು. ಆಗಲೇ ಮೂರನೆಯ ಹಡಗಿನ ಹಾಯಿ ದೂರದಲ್ಲಿ ಕಾಣುತ್ತಿತ್ತು. ಬೆಳಗಾದರೆ ಅದು ಅಳಿವೆಗೆ ಬರುತ್ತದೆ. ಕೂಗುವವರು ಯಾರು ಎಂದು ಊರಿನವರಿಗೆ ದಿಕ್ಕು ತೋಚಲಿಲ್ಲ.

ಮುದುಕ ಮೊಮ್ಮಗಳನ್ನು ಬೈಯಲಿಲ್ಲ. ದೋಣಿಯನ್ನು ದಡಕ್ಕೆ ಎಳೆದು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಉಳಿದಿದ್ದ ಅಷ್ಟಿಷ್ಟು ದನಿಯಲ್ಲಿ ಕೇಳಿದ. "ಮಗಾ, ಮಾತು ನಿನಗೆ ಬರ್ತದೆ. ತಪ್ಪಿದರೂ ಬೆಲ್ಲ ಸಿಗ್ತದೆ. ಮತ್ತೆ ಆ ಕಡೆ ತಿರುಗಿ ಏನು ನೋಡ್ತೀಯ?"

ಹುಡುಗಿ ಅಂದಳು, "ಮೇಷ್ಟ್ರನ್ನ ನೋಡ್ತೇನೆ ಅಜ್ಜ. ಮಳೆಗಾಲಕ್ಕೆ ಮುಂಚಿನಿಂದಲೂ ಅಷ್ಟೇ, ಹಡಗಿನವರು ನೀರು ತುಂಬಿಸಿಕೊಳ್ಳೋಕೆ ದಡಕ್ಕೆ ಇಳಿದರೆ ಸಾಕು, ಮೇಷ್ಟ್ರು ತಲೆನೋವು ಅಂತ ಮನೆ ಸೇರಿಕೊಳ್ತಾರೆ. ಅವರ ಹತ್ತಿರ ಒಂದು ಮಾತು ಆಡಿದ್ದನ್ನ ನಾನು ನೋಡಿಲ್ಲ. ಅಷ್ಟು ಕಲಿತವರೇ ಹೆದರ್ತಾರೆ ಅಂದರೆ ಅದೆಂಥಾ ಮಾತಿರಬೇಕು?"

ಮೇಷ್ಟ್ರು ಅಲ್ಲೇ ಹಿಂದೆ ನಿಂತಿದ್ದರು. ಅವರಿಗೆ ಇದು ಕೇಳಿಸಿತು.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು.

ನಳಿನಾಕ್ಷಿ ಪೆನ್ನು ಕೆಳಗಿಟ್ಟಳು. ತರಗತಿಯಲ್ಲಿ ಅವಳು ಆಟದ ನಿಯಮ ಹೇಳುತ್ತಿದ್ದುದು ಕನ್ನಡದಲ್ಲಿ. ಹಾಡು, ಕತೆ ಎಲ್ಲವನ್ನೂ ಮೊಬೈಲೇ ಹೇಳುತ್ತಿತ್ತು. ಚೀಟಿಯಲ್ಲಿದ್ದ ಇಂಗ್ಲಿಷನ್ನು ಮಕ್ಕಳೇ ಓದುತ್ತಿದ್ದರು. ಎಲ್ಲಿ ತಪ್ಪಾಡಿಬಿಡುತ್ತೇನೋ, ಮಕ್ಕಳ ಎದುರು ಎಲ್ಲಿ ಸಣ್ಣವಳಾಗುತ್ತೇನೋ ಎಂದು ಈ ಹದಿನೈದು ವರ್ಷದಲ್ಲಿ ಅವಳು ತರಗತಿಯೊಳಗೆ ತನ್ನದೇ ಆದ ಒಂದು ಇಂಗ್ಲಿಷ್ ವಾಕ್ಯ ಆಡಿರಲಿಲ್ಲ. ಪಾಠ ಓದುತ್ತಿದ್ದಳು, ಅಷ್ಟೇ. ಆಟದ ಮೇಲೆ ಆಟ ತಂದದ್ದು ಮಕ್ಕಳಿಗಾಗಿಯೋ, ತಾನು ಮರೆಯಲ್ಲಿ ನಿಲ್ಲಲೆಂದೋ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಭಯವಾಯಿತು.

ತಗ್ಗಿದ ದನಿಯಲ್ಲಿ ಕೇಳಿದಳು. "ಮೂರನೆಯ ಹಡಗು ಬಂದಾಗ ಆ ಮೇಷ್ಟ್ರು ದೋಣಿ ಹತ್ತಿದರೇ, ಗುರುಗಳೇ?"

"ಅದು ನನಗೆ ಹೇಗೆ ಗೊತ್ತಾಗಬೇಕಮ್ಮ? ನಾಳೆ ತರಗತಿಗೆ ಹೋಗುವವಳು ನೀನು," ಎಂದರು ಗುರುಗಳು.