ಹಾಳೆಯ ಹಿಂದಿದ್ದ ಹೆಸರು

ಸಿಟ್ಟು ಬಂದರೆ ಕಚ್ಚುವ, ಒದೆಯುವ, ಕೈಗೆ ಸಿಕ್ಕಿದ್ದನ್ನು ಎಸೆಯುವ ಮಕ್ಕಳಿಗೆಂದೇ ಇದ್ದ ಶಾಲೆ ಅದು. ಹೊಸ ಕಾರ್ಯದರ್ಶಿ ಗುರುಶಾಂತಪ್ಪನವರು ಬಂದ ದಿನವೇ ಗುಡುಗಿದರು: "ಇಲ್ಲಿ ಶಿಸ್ತೇ ಇಲ್ಲ! ಎಲ್ಲರಿಗಿಂತ ಪುಂಡ ಮಗು ಯಾವುದು? ಸಂಜೆಯೊಳಗೆ ಟೀಸಿ ಕೊಟ್ಟು ಕಳಿಸಿ."

ಟೀಚರುಗಳು ದಂಗಾಗಿ ನಿಂತರು. ಆಯಾ ಮಾತ್ರ ಸೆರಗಿಗೆ ಕೈ ಒರೆಸಿಕೊಂಡು ನಡತೆ ಪುಸ್ತಕ ತಂದಳು. ಯಾರೇ ರಂಪ ಮಾಡಲಿ, ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಏನಾಯಿತು ಎಂದು ಅದರಲ್ಲಿ ಬರೆಯುವುದು ಅಲ್ಲಿನ ಪದ್ಧತಿ. ಹೆಸರು ಮಾತ್ರ ಹಾಳೆಯ ಹಿಂಬದಿಗೆ.

"ಇವತ್ತಿಂದು ಓದಿ, ಸಾಹೇಬ್ರೆ."

ಅವರು ಜೋರಾಗಿ ಓದಿದರು: "ಮುಂಚೆ: ಕೊಟ್ಟದ್ದು ಇಷ್ಟವಾಗಲಿಲ್ಲ. ಮಾಡಿದ್ದು: ಕಿರುಚಾಡಿ, ಮೇಜು ಗುದ್ದಿ, ಲೋಟ ಎಸೆದದ್ದು. ಆಮೇಲೆ: ಪಕ್ಕದಲ್ಲಿದ್ದ ಹುಡುಗಿ ಹೆದರಿ ಅತ್ತಳು."

"ಥೂ! ಯಾರ ಮನೆ ಮಗು ಇದು? ಎಳ್ಳಷ್ಟೂ ಸಂಸ್ಕಾರ ಇಲ್ಲ. ಇದಕ್ಕೇ ಕೊಡಿ ಟೀಸಿ!"

"ಹೆಸರು ಹಿಂದಿದೆ. ಹಾಳೆ ತಿರುವಿ, ಸಾಹೇಬ್ರೆ."

ತಿರುವಿದರು. ಅಲ್ಲಿ ಅವರದೇ ಹೆಸರು. ಚಹಾ ತಣ್ಣಗಿದೆ ಎಂದು ಬೆಳಿಗ್ಗೆ ತಾವೇ ಎಸೆದ ಲೋಟ ನೆನಪಾಯಿತು. ಬಿಟ್ಟ ಕಣ್ಣು ಬಿಟ್ಟಂತೆಯೇ ಉಳಿಯಿತು.  

ಪುಸ್ತಕ ಮುಚ್ಚಿ ಮೆಲ್ಲಗೆ ಕೇಳಿದರು: "ಈಗ ನನಗೆ ಟೀಸಿ ಕೊಡ್ತೀರೇನಮ್ಮ?"

"ಅಯ್ಯೋ, ಇಲ್ಲಿ ಯಾರನ್ನೂ ಓಡಿಸೋದಿಲ್ಲ ಸಾಹೇಬ್ರೆ," ಎಂದಳು ಆಯಾ. ಒದ್ದೆ ಬಟ್ಟೆಯನ್ನು ಅವರ ಕೈಗಿಟ್ಟು ಗೋಡೆಯ ಮೇಲಿನ ಚಹಾ ಕಲೆ ತೋರಿಸಿದಳು. "ಚೆಲ್ಲಿದವರೇ ಒರೆಸಬೇಕು. ನಮ್ಮ ಶಾಲೆ ಶಿಸ್ತು ಅಷ್ಟೇ."